ರಸ್ತೆಯಲ್ಲಿ ಸತ್ತವರಿಗಾಗಿ ಯಾರೂ ಬಂದ್‌ಗೆ ಕರೆ ಕೊಡುವುದಿಲ್ಲ

ಈ ದೇಶದಲ್ಲಿ ಒಂದು ಕೊಲೆ ನಡೆದರೆ ಅದರ ಬೆನ್ನಿಗೆ ಏನೆಲ್ಲ ನಡೆಯುತ್ತದೆ ಎಂಬುದು ನಮಗೆಲ್ಲ ಚೆನ್ನಾಗಿ ಗೊತ್ತು. ಕೊಂದವನ ಹೆಸರೇನು, ಸತ್ತವನ ಹೆಸರೇನು ಎಂಬುದು ಮೊದಲು ಚರ್ಚೆಗೆ ಬರುತ್ತದೆ. ಆ ಎರಡು ಹೆಸರುಗಳು ಎರಡು ಧರ್ಮಗಳಿಗೆ ಸೇರಿದ್ದರಂತೂ ಬಂದ್, ಪ್ರತಿಭಟನೆ, ನಾಯಕರ ಭೇಟಿ, ಟಿ.ವಿ. ಚರ್ಚೆ, ಪರಿಹಾರ ಘೋಷಣೆ ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಾದ್ಯಂತ ದಾಖಲಾದ ಕೊಲೆ ಪ್ರಕರಣಗಳು 28,522. ಅದೇ ವರ್ಷ ರಸ್ತೆ ಅಪಘಾತಗಳಲ್ಲಿ ಪ್ರಾಣ ಕಳಕೊಂಡವರು, ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ, 1,68,491 ಮಂದಿ. ಹೆಚ್ಚು ಕಡಿಮೆ ಆರು ಪಟ್ಟು. ಗಂಟೆಗೆ 19 ಸಾವು. ಇವರಿಗಾಗಿ ಯಾವ ಪಕ್ಷವೂ ಬಂದ್‌ಗೆ ಕರೆ ಕೊಟ್ಟಿಲ್ಲ. ಇವರ ಹೆಸರಿನಲ್ಲಿ ಯಾವ ಚುನಾವಣೆಯೂ ನಡೆದಿಲ್ಲ. ಏಕೆಂದರೆ, ಈ ಸಾವುಗಳಲ್ಲಿ ಬೆರಳು ತೋರಿಸಲಿಕ್ಕೆ ‘ಅವರು’ ಎಂಬವರು ಇಲ್ಲ. ಇಲ್ಲಿ ಕೊಲ್ಲುವವರೂ ನಾವೇ, ಸಾಯುವವರೂ ನಾವೇ.

ಅದೇ ವರದಿಯಲ್ಲಿ ಇನ್ನೊಂದು ಅಂಶವಿದೆ. ಆ ವರ್ಷದ ಒಟ್ಟು ಸಾವುಗಳಲ್ಲಿ ಶೇ. 70ಕ್ಕಿಂತಲೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣ ಎಂದು ದಾಖಲಿಸಲಾಗಿದೆ. ಪೊಲೀಸ್ ದಾಖಲೆಯ ‘ಅತಿವೇಗ’ ಎಂಬ ಪದವನ್ನು ನಾವು ಕುರುಡಾಗಿ ನಂಬಬೇಕಾಗಿಲ್ಲ. ರಸ್ತೆಯ ತಿರುವು ತಪ್ಪಾಗಿದ್ದರೂ, ದೀಪವಿಲ್ಲದಿದ್ದರೂ, ಗುಂಡಿ ಬಿದ್ದಿದ್ದರೂ ಎಲ್ಲವನ್ನೂ ಚಾಲಕನ ತಲೆಗೆ ಕಟ್ಟಲು ಆ ಪದ ಅನುಕೂಲಕರವಾಗಿದೆ. ಇಂಜಿನಿಯರೂ ಗುತ್ತಿಗೆದಾರನೂ ಅದರ ಮರೆಯಲ್ಲಿ ಸುರಕ್ಷಿತವಾಗಿ ನಿಲ್ಲಬಲ್ಲರು. ಇಷ್ಟನ್ನು ಒಪ್ಪಿಕೊಂಡ ಬಳಿಕವೂ ಒಂದು ಸತ್ಯ ಉಳಿಯುತ್ತದೆ. ಅಪಘಾತಕ್ಕೆ ಕಾರಣ ಏನೇ ಇರಲಿ, ಅದರಲ್ಲಿ ಮನುಷ್ಯ ಉಳಿಯುತ್ತಾನೋ ಇಲ್ಲವೋ ಎಂಬುದನ್ನು ಬಹುಪಾಲು ನಿರ್ಧರಿಸುವುದು ಆ ಕ್ಷಣದ ವೇಗ. ರಸ್ತೆ ಬದಿಯಲ್ಲಿ ಕೆಂಪು ವೃತ್ತದೊಳಗೆ ಬರೆದ ಆ ಸಂಖ್ಯೆಯ ಅರ್ಥವೂ ಇದುವೇ. ಆದರೆ ನಾವು ಅದನ್ನು ಓದುತ್ತಿರುವುದು ಬೇರೆಯೇ ರೀತಿಯಲ್ಲಿ. ಕೆಲವರಿಗೆ ಅದು ತಲುಪಲೇಬೇಕಾದ ಗುರಿ. ಇನ್ನು ಕೆಲವರಿಗೆ ಪೊಲೀಸರು ದುಡ್ಡು ವಸೂಲಿ ಮಾಡಲು ಒಡ್ಡಿದ ಬಲೆ. ಹೆಚ್ಚಿನವರಿಗೆ ಅದು ಕಾಣಿಸುವುದೇ ಇಲ್ಲ.

ಬೆಂಗಳೂರು-ಮೈಸೂರು ಹೆದ್ದಾರಿಯನ್ನೇ ತೆಗೆದುಕೊಳ್ಳೋಣ. ಪ್ರಧಾನಿ ನರೇಂದ್ರ ಮೋದಿಯವರು ಮಂಡ್ಯದಲ್ಲಿ ಅದನ್ನು ಉದ್ಘಾಟಿಸಿದ್ದು 2023ರ ಮಾರ್ಚ್ 12ರಂದು. 118 ಕಿ.ಮೀ. ಉದ್ದದ ಈ ರಸ್ತೆಯು ಮೂರು ಗಂಟೆಯ ಪ್ರಯಾಣವನ್ನು 75 ನಿಮಿಷಗಳಿಗೆ ಇಳಿಸುತ್ತದೆ ಎಂಬುದೇ ಅದರ ದೊಡ್ಡ ಪ್ರಚಾರವಾಗಿತ್ತು. ಆ ರಸ್ತೆಯ ಶ್ರೇಯಸ್ಸು ಯಾರಿಗೆ ಸೇರಬೇಕು ಎಂದು ಪಕ್ಷಗಳು ಕಚ್ಚಾಡಿದವು. ಅಷ್ಟರಲ್ಲಿ ರಸ್ತೆಯು ತನ್ನ ಲೆಕ್ಕವನ್ನು ಆರಂಭಿಸಿಯಾಗಿತ್ತು. ಆ ವರ್ಷದ ಮೇ ಮತ್ತು ಜೂನ್‌ನಲ್ಲಿ ತಿಂಗಳಿಗೆ ಮೂವತ್ತರ ಸಮೀಪ ಮಂದಿ ಅಲ್ಲಿ ಸತ್ತರು. ಶ್ರೇಯಸ್ಸಿಗಾಗಿ ಸಾಲು ನಿಂತವರಲ್ಲಿ ಒಬ್ಬರೂ ಈ ಹೆಣಗಳ ಹೊಣೆಗಾಗಿ ಮುಂದೆ ಬರಲಿಲ್ಲ.

ಬಳಿಕ ನಡೆದದ್ದು ಗಮನಾರ್ಹ. ಆಗ ರಾಜ್ಯದ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಹೊಣೆ ಹೊತ್ತಿದ್ದ ಎಡಿಜಿಪಿ ಅಲೋಕ್ ಕುಮಾರ್ ಅವರ ನೇತೃತ್ವದಲ್ಲಿ ಪೊಲೀಸರು ವೇಗ ಅಳೆಯುವ ರೇಡಾರ್ ಗನ್ ಹಿಡಿದು ರಸ್ತೆಗಿಳಿದರು. ಗಂಟೆಗೆ 100 ಕಿ.ಮೀ. ಮಿತಿಯನ್ನು ನಿಜವಾಗಿ ಜಾರಿ ಮಾಡಿದರು. ಜುಲೈಯಲ್ಲಿ ಸತ್ತವರ ಸಂಖ್ಯೆ ಹತ್ತಕ್ಕಿಂತ ಕೆಳಗೆ ಬಂತು. ಬೈಕ್, ಆಟೋ ರಿಕ್ಷಾ ಮತ್ತು ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಹೊರಗಿಟ್ಟದ್ದು ಆಗಸ್ಟ್ 1ರಿಂದ. ಅಂದರೆ ಆ ನಿಷೇಧಕ್ಕಿಂತ ಮೊದಲೇ ಸಾವು ಇಳಿದಿತ್ತು. ಬಳಿಕ ಕ್ಯಾಮರಾಗಳು ಬಂದವು. 2024ರಲ್ಲಿ ಆ ರಸ್ತೆಯ ಸಾವಿನ ಸಂಖ್ಯೆ ಹಿಂದಿನ ವರ್ಷದ ಅರ್ಧಕ್ಕಿಂತಲೂ ಕಡಿಮೆಯಾಯಿತು. ಅದೇ ಡಾಮರು, ಅದೇ ತಿರುವು, ಅದೇ ಚಾಲಕರು. ಹಾಗಿದ್ದರೆ ಮೊದಲ ತಿಂಗಳುಗಳಲ್ಲಿ ಸತ್ತವರನ್ನು ‘ವಿಧಿ’ಯ ಖಾತೆಗೆ ಬರೆದು ಕೈತೊಳೆದುಕೊಳ್ಳುವುದು ಹೇಗೆ? ತಡೆಯಬಹುದಾಗಿದ್ದ ಸಾವನ್ನು ತಡೆಯದೆ ಬಿಡುವುದಕ್ಕೆ ವಿಧಿಯೆಂಬ ಹೆಸರು ಸಲ್ಲದು.

ಅಷ್ಟಕ್ಕೂ, ವೇಗಮಿತಿಯನ್ನು ವಿರೋಧಿಸುವವರು ಮುಂದಿಡುವ ಮೊದಲ ವಾದ ಸಮಯದ್ದು. ಸಮಯವೇ ಹಣ, ಕಾಲ ಬದಲಾಗಿದೆ, ಎತ್ತಿನಗಾಡಿಯ ಯುಗಕ್ಕೆ ಮರಳಲು ಸಾಧ್ಯವೇ ಎಂಬುದು ಅವರ ಪ್ರಶ್ನೆ. ಆಗಲಿ, ಲೆಕ್ಕವನ್ನೇ ಮಾಡೋಣ. ಈ 118 ಕಿ.ಮೀ.ಯನ್ನು 100ರ ವೇಗದಲ್ಲಿ ಕ್ರಮಿಸಲು 71 ನಿಮಿಷ ಬೇಕು. 120ರಲ್ಲಿ 59 ನಿಮಿಷ. ಉಳಿತಾಯ 12 ನಿಮಿಷ. ಸರಕಾರ ಭರವಸೆ ಕೊಟ್ಟ 75 ನಿಮಿಷಗಳ ಪ್ರಯಾಣವಂತೂ 100ರ ಮಿತಿಯೊಳಗೇ ಸಾಧ್ಯವಿದೆ. ಇನ್ನು ನಗರದೊಳಗಿನ ಉಳಿತಾಯ ಇದಕ್ಕಿಂತಲೂ ಹಾಸ್ಯಾಸ್ಪದ. ಎರಡು ಸಿಗ್ನಲ್‌ಗಳ ನಡುವೆ ನಮ್ಮನ್ನು ಹಿಂದಿಕ್ಕಿ ಹಾರನ್ ಬಾರಿಸುತ್ತಾ ಹಾರಿಹೋದ ಕಾರು ಮುಂದಿನ ಕೆಂಪು ದೀಪದಲ್ಲಿ ನಮ್ಮ ಪಕ್ಕದಲ್ಲೇ ನಿಂತಿರುತ್ತದೆ. ಅದು ಗಳಿಸಿದ್ದು ಒಂದು ನಿಮಿಷವೂ ಅಲ್ಲ. ಅಷ್ಟರಲ್ಲಿ ಎಷ್ಟು ಮಂದಿ ಪಾದಚಾರಿಗಳ ಎದೆ ಝಲ್ಲೆಂದಿತೋ ಲೆಕ್ಕವಿಟ್ಟವರಿಲ್ಲ.

ಎರಡನೆಯ ವಾದ ಕೌಶಲದ್ದು. ‘ನನಗೆ ಡ್ರೈವಿಂಗ್ ಚೆನ್ನಾಗಿ ಗೊತ್ತು, ನನ್ನ ಕಾರಿನ ಬ್ರೇಕ್ ಹೊಸತು’ ಎನ್ನುವವರ ಸಂಖ್ಯೆ ನಮ್ಮಲ್ಲಿ ಸಣ್ಣದಲ್ಲ. ಇಲ್ಲಿ ವಿಜ್ಞಾನವು ಯಾರ ಮುಲಾಜನ್ನೂ ನೋಡುವುದಿಲ್ಲ. ಅಪಾಯ ಕಣ್ಣಿಗೆ ಬಿದ್ದು, ಬುದ್ಧಿಗೆ ತಲುಪಿ, ಕಾಲು ಬ್ರೇಕನ್ನು ಒತ್ತುವುದಕ್ಕೆ ಸಾಮಾನ್ಯ ಚಾಲಕನಿಗೆ ಸುಮಾರು ಒಂದೂವರೆ ಸೆಕೆಂಡು ಬೇಕಾಗುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಕಾರು ಆ ಒಂದೂವರೆ ಸೆಕೆಂಡಿನಲ್ಲಿ 17 ಮೀಟರ್ ಸಾಗಿರುತ್ತದೆ. ಬಳಿಕ ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಸುಮಾರು 9 ಮೀಟರ್‌ಗಳಲ್ಲಿ ನಿಲ್ಲುತ್ತದೆ. ಒಟ್ಟು 26 ಮೀಟರ್. ಈಗ ಅದೇ ಜಾಗದಲ್ಲಿ 60ರ ವೇಗದಲ್ಲಿ ಬರುವ ಕಾರನ್ನು ಊಹಿಸಿ. ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲೇ ಅದು 25 ಮೀಟರ್ ಸಾಗಿರುತ್ತದೆ. 26 ಮೀಟರ್ ದೂರದಲ್ಲಿ ಒಂದು ಮಗು ಚೆಂಡಿನ ಹಿಂದೆ ರಸ್ತೆಗೆ ಓಡಿ ಬಂದಿದ್ದರೆ, ಮೊದಲ ಕಾರು ಅದರ ಮುಂದೆ ನಿಲ್ಲುತ್ತದೆ. ಎರಡನೆಯ ಕಾರು ಹೆಚ್ಚು ಕಡಿಮೆ ತನ್ನ ಪೂರ್ಣ ವೇಗದಲ್ಲೇ ಅದಕ್ಕೆ ಬಡಿಯುತ್ತದೆ. ಇಬ್ಬರು ಚಾಲಕರ ಕಣ್ಣು, ಕೈ, ಕಾಲು, ಬ್ರೇಕು, ಒಳ್ಳೆಯತನ ಎಲ್ಲವೂ ಒಂದೇ. ವ್ಯತ್ಯಾಸ 20 ಕಿ.ಮೀ. ಮಾತ್ರ. ಬ್ರೇಕ್ ಎಷ್ಟೇ ಹೊಸದಾಗಿದ್ದರೂ ಅದನ್ನು ಒತ್ತುವ ಮೊದಲು ಅದು ಕೆಲಸ ಮಾಡುವುದಿಲ್ಲ. ಮಳೆಗಾಲದ ನಮ್ಮ ಕರಾವಳಿಯ ರಸ್ತೆಯಲ್ಲಿ ಈ ಲೆಕ್ಕ ಇನ್ನಷ್ಟು ಕಠಿಣವಾಗುತ್ತದೆ.

ಡಿಕ್ಕಿಯ ಶಕ್ತಿಯ ಲೆಕ್ಕವೂ ಹೀಗೆಯೇ. ವೇಗ ಎರಡು ಪಟ್ಟಾದರೆ ಹೊಡೆತ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. 60ರ ವೇಗದಲ್ಲಿ ಗೋಡೆಗೆ ಗುದ್ದುವುದೆಂದರೆ 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕೈದು ಮಹಡಿಯ ಕಟ್ಟಡದಿಂದ ನೆಲಕ್ಕೆ ಬೀಳುವುದಕ್ಕೆ ಸಮ. 100ರ ವೇಗದಲ್ಲಿ ಅದು ಹನ್ನೆರಡು ಮಹಡಿಗಳ ಎತ್ತರ. ತಾರಸಿಯ ಅಂಚಿನಲ್ಲಿ ಮಗ ನಿಂತರೆ ಹೌಹಾರುವ ತಂದೆ, ಅದೇ ಮಗ ಹೆಲ್ಮೆಟ್ ಇಲ್ಲದೆ ಬೈಕ್‌ನಲ್ಲಿ 80ರ ವೇಗದಲ್ಲಿ ಹೋದರೆ ಹೆಮ್ಮೆ ಪಡುತ್ತಾನೆ. ಸರಾಸರಿ ವೇಗ ಶೇ. 1ರಷ್ಟು ಹೆಚ್ಚಿದರೆ ಸಾವು ಸಂಭವಿಸುವ ಅಪಘಾತದ ಸಾಧ್ಯತೆ ಶೇ. 4ರಷ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಕಾರಣದಿಂದಲೇ.

ಮೂರನೆಯ ವಾದ ಜರ್ಮನಿಯದ್ದು. ಅಲ್ಲಿನ ಆಟೋಬಾನ್‌ನಲ್ಲಿ ವೇಗಮಿತಿಯೇ ಇಲ್ಲವಲ್ಲ ಎಂದು ಕೇಳುವವರು ಅರ್ಧ ಸತ್ಯವನ್ನಷ್ಟೇ ಹೇಳುತ್ತಾರೆ. ಅಲ್ಲಿ ಸಾರ್ವತ್ರಿಕ ಮಿತಿ ಇಲ್ಲದಿರುವುದು ಕಾರುಗಳಿಗೆ, ಅದೂ ಮಿತಿ ವಿಧಿಸದ ಭಾಗಗಳಲ್ಲಿ ಮಾತ್ರ. ಅಲ್ಲಿಯೂ 130ನ್ನು ಮೀರದಂತೆ ಸಲಹೆಯಿದೆ. ಊರೊಳಗೆ ಬಂದೊಡನೆ 50ರ ಮಿತಿ ಇದೆ, ಮತ್ತು ಅದನ್ನು ಜನ ಪಾಲಿಸುತ್ತಾರೆ. ಆಟೋಬಾನ್‌ನಲ್ಲಿ ಎದುರಿನಿಂದ ತಪ್ಪು ದಾರಿಯಲ್ಲಿ ಬರುವ ಟ್ರ್ಯಾಕ್ಟರ್ ಇಲ್ಲ, ರಸ್ತೆ ದಾಟುವ ಶಾಲಾ ಮಕ್ಕಳಿಲ್ಲ, ಮಲಗಿದ ದನವಿಲ್ಲ. ಜರ್ಮನಿಯ ವೇಗ ಬೇಕು, ಜರ್ಮನಿಯ ಶಿಸ್ತು ಬೇಡ ಎನ್ನುವುದು ಯಾವ ನ್ಯಾಯ?

ಇತಿಹಾಸವೂ ಈ ವಿಷಯದಲ್ಲಿ ಮೌನವಾಗಿಲ್ಲ. ಬ್ರಿಟನ್ 1930ರ ಕಾನೂನಿನ ಮೂಲಕ ಕಾರುಗಳ ವೇಗಮಿತಿಯನ್ನು ಪೂರ್ತಿ ತೆಗೆದುಹಾಕಿತ್ತು. 1934ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸತ್ತವರು 7,343 ಮಂದಿ. ಇಂದಿಗೆ ಹೋಲಿಸಿದರೆ ಬೆರಳೆಣಿಕೆಯ ವಾಹನಗಳಿದ್ದ ಕಾಲವದು. ಅದೇ ವರ್ಷ ಹೊಸ ಕಾನೂನು ತಂದು, 1935ರಿಂದ ಜನವಸತಿ ಪ್ರದೇಶಗಳಲ್ಲಿ ಗಂಟೆಗೆ 30 ಮೈಲಿಯ ಮಿತಿಯನ್ನು ವಿಧಿಸಲಾಯಿತು. ಸಾವು ಇಳಿಯಿತು. ಅಮೆರಿಕವು 1974ರಲ್ಲಿ 55 ಮೈಲಿಯ ರಾಷ್ಟ್ರೀಯ ಮಿತಿಯನ್ನು ತಂದದ್ದು ಜೀವ ಉಳಿಸಲಿಕ್ಕಾಗಿ ಅಲ್ಲ, ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಉಳಿಸಲಿಕ್ಕಾಗಿ. ಆದರೂ ಹಿಂದಿನ ವರ್ಷ 54 ಸಾವಿರದಷ್ಟಿದ್ದ ಸಾವು ಆ ವರ್ಷ 45 ಸಾವಿರಕ್ಕೆ ಇಳಿಯಿತು. ಪ್ರಯಾಣವೇ ಕಡಿಮೆಯಾದದ್ದೂ ಅದಕ್ಕೆ ಒಂದು ಕಾರಣವೆಂಬುದು ನಿಜ, ಆದರೆ ಅದೊಂದೇ ಕಾರಣವಲ್ಲ. ನಮ್ಮ ಕಾಲದ ಉದಾಹರಣೆ ಬೇಕಿದ್ದರೆ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿ ಇದೆ. ಅಲ್ಲಿನ ಅರ್ಧಕ್ಕಿಂತ ಹೆಚ್ಚು ಬೀದಿಗಳಲ್ಲಿ ವೇಗಮಿತಿ 30 ಕಿ.ಮೀ. 2025ರ ಜುಲೈಗೆ ಕೊನೆಗೊಂಡ ಒಂದು ಪೂರ್ಣ ವರ್ಷದಲ್ಲಿ ಆ ನಗರದ ರಸ್ತೆಗಳಲ್ಲಿ ಒಬ್ಬನೇ ಒಬ್ಬ ಮನುಷ್ಯ ಸಾಯಲಿಲ್ಲ.

ಹಾಗಂತ, ಎಲ್ಲ ಹೊಣೆಯನ್ನೂ ಚಾಲಕನ ಮೇಲೆ ಹೊರಿಸಿ ಪ್ರಭುತ್ವವನ್ನು ಬಿಟ್ಟುಬಿಡಲು ನಾವು ಸಿದ್ಧರಿಲ್ಲ. ಮಿತಿಯನ್ನು ಗೌರವಿಸಬೇಕೆಂದು ಜನರಿಗೆ ಹೇಳುವ ಸರಕಾರವು ಮೊದಲು ತಾನೇ ಅದನ್ನು ಗೌರವಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ವೇಗಮಿತಿಯ ಬಗ್ಗೆ ಸ್ಪಷ್ಟವಾಗಿ ಹೇಳುತ್ತದೆ. ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಮಿತಿಯನ್ನು ಇಳಿಸುವ ಅಧಿಕಾರವನ್ನು ರಾಜ್ಯ ಸರಕಾರಕ್ಕೂ ಕೊಡುತ್ತದೆ. 2018ರಲ್ಲಿ ಕೇಂದ್ರ ಸರಕಾರವು ಎಕ್ಸ್‌ಪ್ರೆಸ್‌ವೇಗಳಲ್ಲಿ ಕಾರುಗಳ ಗರಿಷ್ಠ ವೇಗವನ್ನು 120ಕ್ಕೂ ನಗರಗಳೊಳಗೆ 70ಕ್ಕೂ ಏರಿಸಿ ಅಧಿಸೂಚನೆ ಹೊರಡಿಸಿತು. 2021ರಲ್ಲಿ ಮದ್ರಾಸ್ ಹೈಕೋರ್ಟ್ ಅತಿವೇಗದ ಸಾವುಗಳನ್ನು ಎತ್ತಿ ತೋರಿಸಿ ಆ ಅಧಿಸೂಚನೆಯನ್ನು ರದ್ದುಪಡಿಸಿತು. ರಸ್ತೆ ಬದಿಯಲ್ಲೇ ಮನೆ, ಅಂಗಡಿ, ಶಾಲೆಗಳಿರುವ ಭಾರತದ ನಗರದೊಳಗೆ 70ರ ವೇಗ ಯಾರಿಗಾಗಿ ಎಂಬ ಪ್ರಶ್ನೆಗೆ ಯಾವ ಸಚಿವರೂ ಉತ್ತರ ಕೊಟ್ಟಂತಿಲ್ಲ. ಜನರೂ ವಾಹನಗಳೂ ಬೆರೆಯುವ ಬೀದಿಗಳಲ್ಲಿ 30 ಕಿ.ಮೀ. ಮಿತಿ ಇರಬೇಕೆಂದು 2020ರ ಫೆಬ್ರವರಿಯಲ್ಲಿ ಜಾಗತಿಕ ಸಚಿವರ ಮಟ್ಟದ ಸಮ್ಮೇಳನದ ಸ್ಟಾಕ್‌ಹೋಮ್ ಘೋಷಣೆ ಹೇಳಿದೆ. ನಮ್ಮ ಧೋರಣೆ ಅದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ಸಾಗಿದೆ.

ದಂಡದ ವಿಷಯಕ್ಕೆ ಬರೋಣ. 2019ರ ತಿದ್ದುಪಡಿಯು ಅತಿವೇಗಕ್ಕೆ ಲಘು ವಾಹನಗಳಿಗೆ 1,000ದಿಂದ 2,000 ರೂಪಾಯಿ ಮತ್ತು ಭಾರೀ ವಾಹನಗಳಿಗೆ 2,000ದಿಂದ 4,000 ರೂಪಾಯಿವರೆಗೆ ದಂಡ ನಿಗದಿಪಡಿಸಿತು. ಜನರ ಸಿಟ್ಟಿಗೆ ಹೆದರಿದ ನಮ್ಮ ರಾಜ್ಯ ಸರಕಾರವು ತಿಂಗಳೊಳಗೆ ಹಲವು ದಂಡಗಳನ್ನು ಇಳಿಸಿತು. ಬಳಿಕ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಘೋಷಿಸಲಾಯಿತು. 2025ರ ಆಗಸ್ಟ್‌ನಲ್ಲಿ ಮತ್ತೊಮ್ಮೆ ಅದೇ ರಿಯಾಯಿತಿ. ಕೋಟಿಗಟ್ಟಲೆ ರೂಪಾಯಿ ಸಂಗ್ರಹವಾಯಿತೆಂದು ಸಾಧನೆಯ ಲೆಕ್ಕವನ್ನೂ ಕೊಡಲಾಯಿತು. ಸೀರೆ ಅಂಗಡಿಯ ಆಷಾಢದ ಮಾರಾಟಕ್ಕೂ ಕಾನೂನಿಗೂ ವ್ಯತ್ಯಾಸ ಬೇಡವೇ? ದಂಡವನ್ನು ಅರ್ಧ ಬೆಲೆಗೆ ಮಾರುವ ಸರಕಾರವು ತನ್ನ ಕಾನೂನು ಬರೇ ವಸೂಲಿ ಎಂದು ತಾನೇ ಒಪ್ಪಿಕೊಂಡಂತೆ. ದಿನವೂ ನಿಯಮ ಪಾಲಿಸಿದ ಚಾಲಕನಿಗೆ ಯಾವ ರಿಯಾಯಿತಿಯೂ ಸಿಗಲಿಲ್ಲ. ಹತ್ತಾರು ಬಾರಿ ಮುರಿದವನಿಗೆ ಸಿಕ್ಕಿತು. ಪೊಲೀಸರು ಮರದ ಮರೆಯಲ್ಲಿ ನಿಂತು ಹಿಡಿಯುತ್ತಾರೆ ಎಂಬ ಜನರ ದೂರಿನಲ್ಲಿ ಹುರುಳಿಲ್ಲ ಎನ್ನುವಂತೆಯೂ ಇಲ್ಲ. ಫಲಕ ಕಾಣುವಲ್ಲಿರಲಿ, ಮಿತಿಗೆ ಕಾರಣವಿರಲಿ, ನೂರು ಮೀಟರಿಗೊಮ್ಮೆ 80, 40, 60 ಎಂದು ಗೊಂದಲ ಎಬ್ಬಿಸದಿರಲಿ, ಕ್ಯಾಮರಾ ಇರುವುದು ಎಲ್ಲರಿಗೂ ಗೊತ್ತಿರಲಿ. ಜನರನ್ನು ಹಿಡಿಯುವುದಕ್ಕಿಂತ ನಿಧಾನಗೊಳಿಸುವುದು ಮುಖ್ಯ.

ಇನ್ನು, ವೇಗದ ಈ ಪ್ರಶ್ನೆಗೆ ವರ್ಗದ ಮುಖವೂ ಇದೆ. 2022ರಲ್ಲಿ ಸತ್ತವರಲ್ಲಿ ಶೇ. 44.5 ಮಂದಿ ದ್ವಿಚಕ್ರ ವಾಹನದವರು, ಶೇ. 19.5 ಮಂದಿ ಪಾದಚಾರಿಗಳು. ಏರ್‌ಬ್ಯಾಗ್ ಇರುವ ಕಾರಿನೊಳಗೆ ಕೂತು ವೇಗದ ಪರವಾಗಿ ವಾದಿಸುವವನು ಆ ವೇಗದ ಬೆಲೆಯನ್ನು ತೆರುವವನಲ್ಲ. ಬೆಲೆ ತೆರುವವರು ಬೀಡಿಯ ಕಟ್ಟು ಹಿಡಿದು ಹೆದ್ದಾರಿ ದಾಟುವ ಹೆಂಗಸು, ಬೆಳಗ್ಗೆ ಹಾಲು ಹಾಕಲು ಸೈಕಲ್‌ನಲ್ಲಿ ಹೊರಟವ, ಕೂಲಿ ಮುಗಿಸಿ ರಸ್ತೆ ಬದಿಯಲ್ಲಿ ನಡೆದು ಮನೆಗೆ ಮರಳುವವ. ಒಟ್ಟು ರಸ್ತೆ ಜಾಲದ ಶೇ. 3ರಷ್ಟೂ ಇಲ್ಲದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಸಾವು ಸಂಭವಿಸುತ್ತದೆ ಎಂದರೆ, ಊರನ್ನು ಎರಡಾಗಿ ಸೀಳಿ ಹೋಗುವ ಆ ರಸ್ತೆಗಳನ್ನು ಊರವರಿಗಾಗಿ ಕಟ್ಟಿಲ್ಲ ಎಂದೇ ಅರ್ಥ.

ಹಾಗೆಯೇ, ಎಲ್ಲ ಅತಿವೇಗವೂ ಶೋಕಿಯ ವೇಗವಲ್ಲ. ಕರಾವಳಿಯ ಖಾಸಗಿ ಬಸ್ಸುಗಳ ಪೈಪೋಟಿಯನ್ನು ಕಂಡವರಿಗೆ ಇದು ಗೊತ್ತು. ಹಿಂದಿನ ಬಸ್ಸಿಗೂ ಮುಂದಿನ ಬಸ್ಸಿಗೂ ನಡುವೆ ಕೆಲವೇ ನಿಮಿಷಗಳ ಅಂತರ. ಟೈಮ್ ತಪ್ಪಿದರೆ ಪ್ರಯಾಣಿಕರು ಹಿಂದಿನ ಬಸ್ಸಿಗೆ, ಕಲೆಕ್ಷನ್ ಇಳಿದರೆ ಧಣಿಯ ಬೈಗುಳ ಚಾಲಕನಿಗೆ. ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ದಿನಸಿ ತಲುಪಿಸುತ್ತೇವೆಂಬ ಜಾಹೀರಾತುಗಳನ್ನು ಕಳೆದ ಕೆಲವು ವರ್ಷಗಳಲ್ಲಿ ನಾವೆಲ್ಲ ನೋಡಿದ್ದೇವೆ. ಆ ಹತ್ತು ನಿಮಿಷದ ಒತ್ತಡ ಬೀಳುವುದು ಕಂಪೆನಿಯ ಕಚೇರಿಯ ಮೇಲಲ್ಲ, ಬೆನ್ನಿಗೆ ಚೀಲ ಕಟ್ಟಿಕೊಂಡ ಹುಡುಗನ ಮೇಲೆ. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ 2025ರಲ್ಲಿ ನಮ್ಮ ರಾಜ್ಯವು ಕಾನೂನು ತಂದಿರುವುದು ಸ್ವಾಗತಾರ್ಹ. ಆದರೆ ಭದ್ರತೆ ಎಂಬುದು ಸತ್ತ ಬಳಿಕದ ಪರಿಹಾರಕ್ಕೆ ಸೀಮಿತವಾಗಬಾರದು. ವೇಗವಾಗಿ ಓಡಿಸದಿದ್ದರೆ ಹೊಟ್ಟೆ ತುಂಬದಂಥ ವ್ಯವಸ್ಥೆಯನ್ನು ಕಟ್ಟಿದವರನ್ನು ಬಿಟ್ಟು ಚಾಲಕನೊಬ್ಬನಿಗೆ ದಂಡ ಹಾಕುವುದು ಅರ್ಧ ನ್ಯಾಯ. ಮತ್ತು ಆ ಹತ್ತು ನಿಮಿಷಕ್ಕಾಗಿ ಕಾಯುತ್ತಾ ಮೊಬೈಲ್ ನೋಡುವ ನಾವೂ ಆ ವ್ಯವಸ್ಥೆಯ ಪಾಲುದಾರರೇ.

ಕೊನೆಯದಾಗಿ ಮನೆಯ ವಿಷಯ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂತೆಂದು ಲೈಸೆನ್ಸ್ ಇಲ್ಲದ ಮಗನಿಗೆ ಬೈಕ್ ಕೊಡಿಸುವ ತಂದೆ ನಮ್ಮೆಲ್ಲರ ಬೀದಿಗಳಲ್ಲೂ ಇದ್ದಾನೆ. ಗಲ್ಫ್‌ನಲ್ಲಿ ಬೆವರು ಸುರಿಸಿ ಕಳುಹಿಸಿದ ದುಡ್ಡು ಮಗನ ಕೈಯಲ್ಲಿ 120ರ ಸ್ಪೀಡೋಮೀಟರ್ ಆಗಿ, ಅದರ ಚಿತ್ರ ಮೊಬೈಲಿನಲ್ಲಿ ಹಂಚಿಕೆಯಾಗುತ್ತದೆ. ಅಪ್ರಾಪ್ತ ವಯಸ್ಸಿನವನು ವಾಹನ ಚಲಾಯಿಸಿ ಅಪರಾಧ ಎಸಗಿದರೆ ಹೆತ್ತವರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಎಂದು 2019ರ ತಿದ್ದುಪಡಿ ಹೇಳುತ್ತದೆ. ಆದರೆ ಇಲ್ಲಿ ಕಾನೂನಿಗಿಂತ ಮೊದಲು ಮನೆ ಮಾತಾಡಬೇಕು. ಮದುವೆ ಮನೆಗೆ ಹೊರಟ ಕಾರುಗಳ ಸಾಲಿನಲ್ಲಿ ಮೊದಲು ಯಾರು ತಲುಪುತ್ತಾರೆಂಬ ಪಂಥ ನಡೆಯುವಾಗ ಹಿರಿಯರು ಗದರಬೇಕು. ಆ ಕಾರುಗಳಲ್ಲಿ ಕೂತಿರುವ ಅಜ್ಜಿಗೂ ಮಕ್ಕಳಿಗೂ ‘ಮೆಲ್ಲ ಹೋಗು’ ಎನ್ನುವ ಅಧಿಕಾರ ಸಿಗಬೇಕು. ನಿಧಾನವಾಗಿ ಓಡಿಸುವವನನ್ನು ಹೇಡಿಯೆಂದು ಗೇಲಿ ಮಾಡುವ ಗೆಳೆಯರ ಗುಂಪಿನಲ್ಲಿ ವೇಗಮಿತಿಯ ಯಾವ ಫಲಕವೂ ಕೆಲಸ ಮಾಡುವುದಿಲ್ಲ.

ನಿಜವಾಗಿ, ವೇಗಮಿತಿ ಎಂಬುದು ಅಪರಿಚಿತರ ನಡುವಿನ ಒಂದು ಒಪ್ಪಂದ. ನೀವು ಯಾರೆಂದು ನನಗೆ ಗೊತ್ತಿಲ್ಲ, ನಿಮ್ಮ ಜಾತಿ, ಧರ್ಮ, ಭಾಷೆ ಗೊತ್ತಿಲ್ಲ, ಆದರೆ ಈ ತಿರುವಿನಾಚೆ ನೀವು ಇರಬಹುದೆಂದು ನಾನು ನನ್ನ ವೇಗವನ್ನು ಇಳಿಸುತ್ತೇನೆ ಎಂಬ ಮಾತು ಅದು. ಪರಸ್ಪರ ಸಂದೇಹದಿಂದ ನೋಡುವುದನ್ನೇ ರಾಜಕೀಯ ಕಲಿಸುತ್ತಿರುವ ದಿನಗಳಲ್ಲಿ ಇಂಥ ಒಪ್ಪಂದವೊಂದು ದಿನಕ್ಕೆ ನೂರು ಬಾರಿ ಪಾಲನೆಯಾಗುವುದು ಸಣ್ಣ ಸಂಗತಿಯಲ್ಲ. ಸರಕಾರವು ರಸ್ತೆಗಳನ್ನು ನೆಟ್ಟಗೆ ಮಾಡಲಿ, ಊರೊಳಗಿನ ಮಿತಿಯನ್ನು ಇಳಿಸಲಿ, ದಂಡದ ಮೇಲಿನ ರಿಯಾಯಿತಿಯ ಪರಿಪಾಠವನ್ನು ನಿಲ್ಲಿಸಲಿ, ಬಸ್ಸಿನ ಟೈಮಿಂಗ್‌ಗಳನ್ನು ಮನುಷ್ಯರು ಪಾಲಿಸಬಹುದಾದಂತೆ ಮರುಹೊಂದಿಸಲಿ. ಇದನ್ನು ಕೇಳುವ ಹಕ್ಕು ನಮಗಿದೆ. ಆದರೆ ಬಲಗಾಲಿನ ಕೆಳಗಿರುವ ಪೆಡಲ್ ಯಾವ ಸರಕಾರದ ಅಧೀನದಲ್ಲೂ ಇಲ್ಲ. ಬೆಂಗಳೂರು-ಮೈಸೂರು ರಸ್ತೆಯಲ್ಲಿ ಅದನ್ನು ಸ್ವಲ್ಪ ಸಡಿಲಿಸಿದ ಫಲವಾಗಿ 2024ರಲ್ಲಿ ಎಷ್ಟೋ ಮಂದಿ ಜೀವಂತವಾಗಿ ಮನೆ ತಲುಪಿದರು. ತಾವು ಉಳಿದವರೆಂಬುದು ಅವರಿಗೂ ಗೊತ್ತಿಲ್ಲ, ಅವರನ್ನು ಉಳಿಸಿದವರಿಗೂ ಗೊತ್ತಿಲ್ಲ.